ಟೈಟಲ್ ಓಡುವಾಗ ನೀವೆಲ್ಲಿದ್ರಿ?

ನಿಮ್ಮನ್ನೇ ಕೇಳ್ತಿರೋದು. ಆಚೆ ಈಚೆ ನೋಡಬೇಡಿ. ಚಳ್ಳಕೆರೆ ಬಸ್ ಸ್ಟ್ಯಾಂಡ್ ಹತ್ರದ ಹೋಟ್ಲಲ್ಲಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಕಂಡು, "ಹಳೇ ಪಿಚ್ಚರ್ ವಿಷ್ಯ ನನ್ನತ್ರ ಕೇಳಪ್ಪ, ಎಪ್ಪತ್ತರಿಂದ ಎಪ್ಪತ್ತೈದರ ತನಕ ಒಂದೂ ಬಿಟ್ಟಿಲ್ಲ" ಅಂತ ಎದೆ ತಟ್ಕೊಳ್ಳೋರು ನೀವೇ ತಾನೆ? ಸರಿ, ಇವತ್ತು ಒಂದು ಪರೀಕ್ಷೆ ಆಗೇಬಿಡ್ಲಿ. ಮೊಬೈಲು ಜೇಬಿಗೆ ಹಾಕಿ. (ಮೇಲ್ಜೇಬಿಗಲ್ಲ, ಒಳಜೇಬಿಗೆ. ನಿಮ್ಮ ಬುದ್ಧಿ ನನಗೆ ಗೊತ್ತು.)

ಸುಲಭದ್ದೇ ಮೊದಲು. 'ನಾಗರಹಾವು' 1972ರ ಡಿಸೆಂಬರ್ ಕೊನೇಲಿ ಬಂತು. ಅದಕ್ಕೂ ಮುಂಚೆ ವಿಷ್ಣುವರ್ಧನ್ ಯಾವ ಸಿನಿಮಾದಲ್ಲಿದ್ರು? ಅರೆ, ಬಜ್ಜಿ ಯಾಕೆ ಅಲ್ಲೇ ನಿಂತುಬಿಡ್ತು? "ಮುಂಚೇನಾ? ಅದೇ ಅಲ್ವಾ ಫಸ್ಟು?" ಅಂತೀರ. ಸ್ವಾಮಿ, 'ವಂಶವೃಕ್ಷ' ಅಂತ ಒಂದು ಸಿನಿಮಾ ಇದೆ. ಭೈರಪ್ಪನವರ ಕಾದಂಬರಿ. ಅದರಲ್ಲಿ ಒಂದು ಚಿಕ್ಕ ಪಾತ್ರದಲ್ಲಿ ಬಂದು ಹೋಗ್ತಾರೆ, ಆಗಿನ್ನೂ ಸಂಪತ್ ಕುಮಾರ್. ವಿಷ್ಣುವರ್ಧನ್ ಅಂತ ನಾಮಕರಣ ಮಾಡಿದ್ದು ಆಮೇಲೆ ಪುಟ್ಟಣ್ಣ ಕಣಗಾಲ್.

ಆ 'ವಂಶವೃಕ್ಷ'ಕ್ಕೆ 1971ರ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಯಾರಿಗೆ? "ಗಿರೀಶ್ ಕಾರ್ನಾಡ್!" ಅಂತ ಕೂಗಿಬಿಟ್ರಿ. ಅರ್ಧ ಮಾರ್ಕು. ಇನ್ನರ್ಧ ಬಿ.ವಿ. ಕಾರಂತರದ್ದು. ಇಬ್ಬರೂ ಸೇರಿ ನಿರ್ದೇಶನ ಮಾಡಿದ್ದು, ಪ್ರಶಸ್ತಿನೂ ಇಬ್ಬರಿಗೂ. (ಅಣ್ಣತಮ್ಮಂದಿರು ಒಂದು ಬದುವಿಗೆ ಕೋರ್ಟು ಹತ್ತೋ ತಾಲ್ಲೂಕಿನೋರಿಗೆ ಇದು ನಂಬೋದು ಕಷ್ಟ, ಗೊತ್ತು.)

ನಿಮ್ಮ ತಪ್ಪಲ್ಲ ಬಿಡಿ. ಯಾಕೆ ಹೀಗಾಯ್ತು ಅಂತ ನನಗೆ ಗೊತ್ತು. ಊರಾಚೆ ಬಯಲಲ್ಲಿ ಟೂರಿಂಗ್ ಟಾಕೀಸು. ಟೆಂಟಿನ ಮೈಕಲ್ಲಿ ಘಂಟಸಾಲರ ಭಕ್ತಿಗೀತೆ ಶುರುವಾದ್ರೆ ಟಿಕೆಟ್ ಕೊಡ್ತಾರೆ ಅಂತ ಅರ್ಥ. ಆಗ ನಿಮ್ಮ ಮನೇಲಿ ಮುದ್ದೆ ಇನ್ನೂ ಒಲೆ ಮೇಲೆ. ಉಂಡು, ಕೈ ತೊಳ್ಕಂಡು, ಕಂಬಳಿ ಹೆಗಲಿಗೆ ಹಾಕ್ಕಂಡು ಓಡಿಬರೋ ಹೊತ್ತಿಗೆ ಇಂಡಿಯನ್ ನ್ಯೂಸ್ ರೀಲು ಮುಗಿದಿರ್ತಿತ್ತು.

ಹಂಗಂತ ಸೀದಾ ಒಳಗೆ ಹೋದ್ರಾ? ಎಲ್ಲಿಂದ! ಗೇಟಿನತ್ರ ಶೇಂಗಾ ಮಾರೋ ಅಜ್ಜಿ. ಚಳ್ಳಕೆರೆ ಸೀಮೆಯೋನು ಶೇಂಗಾ ಇಲ್ಲದೆ ಪಿಚ್ಚರ್ ನೋಡ್ತಾನಾ? ಊರು ತುಂಬ ಎಣ್ಣೆ ಮಿಲ್ಲು, ಸುತ್ತ ಹೊಲದ ತುಂಬ ಶೇಂಗಾ, ಜೇಬಲ್ಲಿ ಮಾತ್ರ ಇಲ್ಲ ಅಂದ್ರೆ ಮರ್ಯಾದೆ ಪ್ರಶ್ನೆ. ಸೇರಿಗೆ ಎಷ್ಟು ಅಂತ ಚೌಕಾಸಿ ಮಾಡಿ, ಒಂದು ಹಿಡಿ ಕೊಸರು ಹಾಕಿಸ್ಕಂಡು ಒಳಗೆ ನೆಲದ ಮೇಲೆ ಜಾಗ ಹಿಡಿಯೋ ಹೊತ್ತಿಗೆ ತೆರೆ ಮೇಲೆ ಹೀರೋ ಬಂದಾಗಿತ್ತು.

ಟೈಟಲ್ ಓಡಿ ಮುಗಿದಿತ್ತು, ಸ್ವಾಮಿ. ಆಗ ಹೆಸರುಗಳೆಲ್ಲ ಸಿನಿಮಾದ ಮೊದಲಲ್ಲೇ ಬರ್ತಿದ್ವು. ಕತೆ ಯಾರದು, ಕ್ಯಾಮೆರಾ ಯಾರದು, ಸಂಕಲನ ಯಾರದು, ಎಲ್ಲ ಹೋಯ್ತು. ನಿಮಗೆ ಉಳಿದದ್ದು ಹೀರೋ, ಹೀರೋಯಿನ್ನು, ಫೈಟು. ಅಷ್ಟರ ಮೇಲೆ ಕಟ್ಟಿದ ಪಾಂಡಿತ್ಯ ನಿಮ್ಮದು. (ಕೋಪ ಮಾಡ್ಕೋಬೇಡಿ, ಬಜ್ಜಿ ಆರಿ ಹೋಗುತ್ತೆ.)

ಈಗ 'ಸಂಸ್ಕಾರ'ಕ್ಕೆ ಬನ್ನಿ. ಹೆಸರು ಹೇಳಿದ ಕೂಡಲೇ ಬೆನ್ನು ನೆಟ್ಟಗಾಯ್ತು ನೋಡಿ ನಿಮ್ಮದು. "ಆಹಾ, ಕ್ಲಾಸಿಕ್!" 1970ರ ಅತ್ಯುತ್ತಮ ಚಿತ್ರ, ಕನ್ನಡಕ್ಕೆ ಬಂದ ಮೊದಲ ಸ್ವರ್ಣಕಮಲ. ಇಷ್ಟು ನಿಮಗೆ ಬಾಯಿಪಾಠ. ಈಗ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿ: ನೋಡಿದೀರಾ?

ಟೆಂಟಲ್ಲಂತೂ ನೋಡಿರಲಾರಿರಿ. ಎಂಬತ್ತರ ದಶಕದಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರಗಳು ಬರ್ತಿದ್ವಲ್ಲ, ಆಗ ನೋಡೋಕೆ ಕೂತಿರ್ತೀರಿ. ಹುರುಳಿ ಸಾರು, ಮುದ್ದೆ ಹೊಟ್ಟೇಲಿ. ಅಗ್ರಹಾರದಲ್ಲಿ ಒಂದು ಹೆಣ, ಅದನ್ನ ಸುಡೋರು ಯಾರು ಅಂತ ಬ್ರಾಹ್ಮಣರ ಚರ್ಚೆ. ಚರ್ಚೆ ಮುಗಿಯೋದ್ರೊಳಗೆ ನಿಮ್ಮ ಗೊರಕೆ. ಎದ್ದಾಗ ಕಾರ್ನಾಡರು ಯಾವುದೋ ಜಾತ್ರೇಲಿ ತಿರುಗ್ತಿದ್ರು. "ಭಾಳ ಡೀಪ್ ಐತೆ ಪಿಚ್ಚರ್ರು" ಅಂತ ಅಂದು ಟೀ ಕೇಳಿದ್ರಿ.

ನಿದ್ದೆ ಬಂದಿದ್ದಕ್ಕೆ ನಾನು ಬಯ್ಯಲ್ಲ. ಆದ್ರೆ ಎಂಥೆಂಥ ರುಚಿ ತಪ್ಪಿಸ್ಕಂಡ್ರಿ ನೋಡಿ. ಆ ಹೆಣ ಯಾರು ಗೊತ್ತಾ? ನಾರಣಪ್ಪ. ನಾರಣಪ್ಪ ಯಾರು? ಪಿ. ಲಂಕೇಶ್! ಊರಿನೋರ ನಿದ್ದೆ ಕೆಡಿಸೋ ಪಾತ್ರಕ್ಕೆ ಲಂಕೇಶರನ್ನ ಹಾಕಿದ್ದು ಎಂಥ ಆಯ್ಕೆ ಅಂತ ಆಮೇಲೆ ಅವರ ಪತ್ರಿಕೆ ಓದಿದೋರಿಗೆಲ್ಲ ಅರ್ಥ ಆಯ್ತು.

ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ. ಎಲ್ಲಿಯೋರು? ನೆಲ್ಲೂರಿನವರು. ಅಷ್ಟೇ ಅಲ್ಲ, ತೆಲುಗು ಕವಿ. 1939ರಲ್ಲೇ 'ಫಿಡೇಲು ರಾಗಾಲ ಡಜನ್' ಅಂತ ಕವನ ಸಂಕಲನ ತಂದೋರು. ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದುಕೊಟ್ಟಿದ್ದು ಒಬ್ಬ ತೆಲುಗು ಕವಿ! ಮನೇಲಿ ತೆಲುಗು, ಬೀದೀಲಿ ಕನ್ನಡ, ಜಗಳಕ್ಕೆ ಎರಡೂ ಅನ್ನೋ ನಿಮ್ಮ ಪರಶುರಾಂಪುರ, ರಾಂಪುರದ ಕಡೆಯೋರು ಇದನ್ನ ಹೆಮ್ಮೆಯಿಂದ ಹೇಳ್ಕೋಬೇಕಿತ್ತು. ಹೇಳ್ಕಂಡಿಲ್ಲ. ಯಾಕೆ? ಟೈಟಲ್ ನೋಡಿಲ್ಲ.

ಕ್ಯಾಮೆರಾ ಹಿಡಿದೋರು ಆಸ್ಟ್ರೇಲಿಯಾದವರು, ಟಾಮ್ ಕೋವನ್. ಸಂಗೀತ ಸರೋದಿನ ರಾಜೀವ್ ತಾರಾನಾಥ್. ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ, ನಿರ್ದೇಶಕರ ಹೆಂಡತಿ. ಆಕೆಯನ್ನ ತುರ್ತುಪರಿಸ್ಥಿತೀಲಿ ಜೈಲಿಗೆ ಹಾಕಿದ್ರು. ಬಿಡುಗಡೆಯಾಗಿ ಸ್ವಲ್ಪದರಲ್ಲೇ, 1977ರ ಜನವರೀಲಿ ತೀರಿಕೊಂಡ್ರು. ಇದನ್ನ ಮಾತ್ರ ನಗ್ತಾ ಹೇಳೋಕಾಗಲ್ಲ.

ಇನ್ನೊಂದು ತಮಾಷೆ ಕೇಳಿ. ಇದೇ ಸಿನಿಮಾನ ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಬೇಡವೇ ಬೇಡ ಅಂದಿತ್ತು. ಆಮೇಲೆ ದೆಹಲಿಯವರು ಬಿಟ್ಟರು, ಆಮೇಲೆ ಚಿನ್ನದ ಪದಕ ಬಂತು. (ಮದುವೆಗೆ ಬೇಡ ಅಂದ ಅಳಿಯನೇ ಆಮೇಲೆ ತಹಸೀಲ್ದಾರ್ ಆದ ಹಾಗೆ. ನಿಮ್ಮ ಬೀಗರ ಕಡೆ ಇಂಥದ್ದು ಒಂದು ನಡೆದಿದೆ ಅಂತ ಕೇಳಿದೀನಿ, ಹೆಸರು ಹೇಳಲ್ಲ.)

ಈಗ ಗೂಗ್ಲಿ. 1970ರಲ್ಲಿ 'ಸಂಸ್ಕಾರ' ಇಡೀ ದೇಶಕ್ಕೇ ಮೊದಲು ಬಂತಲ್ಲ, ಆ ವರ್ಷ ಕನ್ನಡದ ಅತ್ಯುತ್ತಮ ಚಿತ್ರ ಅಂತ ಬೇರೆ ಒಂದು ಪ್ರಶಸ್ತಿ ಇತ್ತು. ಅದು ಯಾವುದಕ್ಕೆ? ಹೂಂ, ಹೇಳಿ. ತಲೆ ಕೆರ್ಕೊಳ್ಳಿ, ಪರವಾಗಿಲ್ಲ. 'ನಗುವ ಹೂವು'! ಆರ್.ಎನ್.ಕೆ. ಪ್ರಸಾದ್ ನಿರ್ದೇಶನ, ಸುದರ್ಶನ್, ಶೈಲಶ್ರೀ ಇದ್ದದ್ದು. "ಅದಕ್ಕೂ ಪ್ರಶಸ್ತಿ ಬಂದಿತ್ತಾ?" ಅಂತ ಕಣ್ಣರಳಿಸಿದ್ರಲ್ಲ, ಇದೇ ಸಾಕು ನನಗೆ.

1972ರದ್ದು? 'ಶರಪಂಜರ'ಕ್ಕೆ. ಇದು ಮನೆ ಹೆಂಗಸರನ್ನ ಕೇಳಿದ್ರೆ ಥಟ್ಟನೆ ಹೇಳ್ತಾರೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಹುಚ್ಚು ವಾಸಿಯಾಗಿ ಮನೆಗೆ ಬಂದ ಹೆಂಗಸನ್ನ ಮನೆಯೋರೇ ಸೇರಿ ಮತ್ತೆ ಹುಚ್ಚಿ ಮಾಡೋ ಕತೆ. ನಿಮ್ಮ ಚಿಕ್ಕಮ್ಮ ಅತ್ತಿದ್ದು ಕಾವೇರಿಗಾಗಿ. ನೋಡಿದ್ದು ಮಾತ್ರ ಕಲ್ಪನಾ ಸೀರೆ. ಮಾರನೇ ವಾರ ಮೊಳಕಾಲ್ಮುರಿನ ಮಗ್ಗದ ಮನೇಲಿ "ಹಂಗೇ ಅಂಚು ಬೇಕು, ಹಂಗೇ ಸೆರಗು ಬೇಕು" ಅಂತ ಪಟ್ಟು ಹಿಡಿದು ಕೂತಿದ್ರಂತಲ್ಲ. ಸಿನಿಮಾ ಕಪ್ಪು ಬಿಳುಪೋ ಬಣ್ಣದ್ದೋ ಅಂತ ಕೇಳಿದ್ರೆ ಆಕೆ ಬಣ್ಣ ಸಮೇತ ಹೇಳ್ತಾರೆ. ನೀವು?

ಸಾಕು, ಈಗ ನಿಮ್ಮ ಮೆಚ್ಚಿನ ಜಾಗಕ್ಕೇ ಬರೋಣ. ದುರ್ಗ. ಕೋಟೆ. 'ನಾಗರಹಾವು'. ಚಿತ್ರದುರ್ಗದ ಸೀಮೇಲಿ ಹುಟ್ಟಿ ಈ ಸಿನಿಮಾ ನಮ್ಮದು ಅನ್ನದೋರನ್ನ ನಾನು ಕಂಡಿಲ್ಲ. ಅದರಲ್ಲೂ ನಿಮ್ಮ ಸೋದರಮಾವ ಶೂಟಿಂಗ್ ದಿನ ಅಲ್ಲೇ ಇದ್ರು. ಬಂಡೆ ಹಿಂದೆ ನಿಂತಿದ್ರು. ವಿಷ್ಣುವರ್ಧನ್‌ಗೆ ನೀರು ಕೊಟ್ರು. ಅಲ್ವಾ?

ಹಿರಿಯೂರಿನೋರ ಮಾವನೂ ನೀರು ಕೊಟ್ರಂತೆ. ಹೊಸದುರ್ಗದೋರ ಚಿಕ್ಕಪ್ಪನೂ. ಮೊಳಕಾಲ್ಮುರಿನೋರೊಬ್ಬರು ಆರತಿಗೆ ಎಳನೀರು ಕೆತ್ತಿಕೊಟ್ಟದ್ದು ತಮ್ಮ ತಾತ ಅಂದ್ರು. ಇವರೆಲ್ಲ ಹೇಳೋದು ನಿಜ ಆದ್ರೆ ಆ ಯೂನಿಟ್ಟಿನೋರು ಕ್ಯಾಮೆರಾ ಆನ್ ಮಾಡಿದ್ದು ಯಾವಾಗ? ಬರೀ ನೀರು ಕುಡಿಯೋದ್ರಲ್ಲೇ ಶೆಡ್ಯೂಲ್ ಮುಗಿದಿರಬೇಕು. (ನೀರಿಗೆ ಬರ ಇರೋ ಸೀಮೇಲಿ ಇಷ್ಟು ಧಾರಾಳ! ಮೆಚ್ಚಬೇಕು.)

ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿದೆ. "ಹೈಸ್ಕೂಲಲ್ಲಿ ನಾನು ಥೇಟ್ ರಾಮಾಚಾರಿನೇ." ಯಾರು, ನೀವಾ? ಎರಡನೇ ಬೆಂಚಲ್ಲಿ ಕೂತು, ಮೇಷ್ಟ್ರು ಬರೋಕೆ ಮುಂಚೆ ಬೋರ್ಡು ಒರೆಸಿ, ಸೀಮೆಸುಣ್ಣ ತಂದಿಡ್ತಿದ್ದ ನೀವು ರಾಮಾಚಾರಿ? ಕಬಡ್ಡೀಲಿ ಔಟಾದ್ರೆ ಅಳ್ತಿದ್ರಲ್ಲ ಸ್ವಾಮಿ. ಆದ್ರೂ ಪ್ರತಿಯೊಬ್ಬನಿಗೂ ಒಬ್ಬ ಚಾಮಯ್ಯ ಮೇಷ್ಟ್ರು ಬೇಕು. ಕೆ.ಎಸ್. ಅಶ್ವತ್ಥ್ ಆ ಪಾತ್ರ ಮಾಡಿದ ಮೇಲೆ ನಮ್ಮ ಕಡೆ ಊರೂರಿನ ಮೇಷ್ಟ್ರುಗಳಿಗೆ ಮರ್ಯಾದೆ ಒಂದು ತೂಕ ಜಾಸ್ತಿ ಆಗಿದ್ದು ನಿಜ. ಆ ಮೇಷ್ಟ್ರು ಕೊನೆಗೆ ಬೆಟ್ಟದಿಂದ ಬಿದ್ದು ಸಾಯ್ತಾರೆ ಅನ್ನೋದನ್ನ ಮಾತ್ರ ಯಾರೂ ಸೆಪ್ಟೆಂಬರ್ ಐದರ ಭಾಷಣದಲ್ಲಿ ಹೇಳಲ್ಲ.

ಬೇಗ ಬೇಗ ಹೇಳಿ. ಜಲೀಲ ಯಾರು? ಅಂಬರೀಶ್, ಮೊದಲ ಸಿನಿಮಾ. ಸರಿ. ಒನಕೆ ಓಬವ್ವ? ಜಯಂತಿ. ಬಂದದ್ದು ಒಂದೇ ಹಾಡಿಗೆ, ಆದ್ರೆ ಇವತ್ತಿಗೂ ಓಬವ್ವ ಅಂದ ಕೂಡಲೇ ಕಣ್ಣಿಗೆ ಬರೋದು ಆ ಮುಖವೇ. ಮಾರ್ಗರೇಟ್? ಶುಭಾ. ತುಂಗಮ್ಮ? ಲೀಲಾವತಿ. ಸಂಗೀತ? ವಿಜಯಭಾಸ್ಕರ್. ನಿರ್ಮಾಪಕರು? ಎನ್. ವೀರಾಸ್ವಾಮಿ. ಭಲೇ! ಈಗ ನಿಜವಾದ ಪ್ರಶ್ನೆ. ಕತೆ ಯಾರದು?

"ತ.ರಾ.ಸು." ಅಂದ್ರಿ. ಗಟ್ಟಿಗ ನೀವು. ಎಷ್ಟು ಕಾದಂಬರಿ ಸೇರಿಸಿ ಆ ಸಿನಿಮಾ ಮಾಡಿದ್ದು? "ಒಂದು, ನಾಗರಹಾವು." ಔಟ್! ಮೂರು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಮೂರನ್ನೂ ಒಂದೇ ಹುತ್ತಕ್ಕೆ ತುಂಬಿದ್ದು ಪುಟ್ಟಣ್ಣ. ಮೂರರಲ್ಲಿ ನೀವು ಓದಿದ್ದು? (ಮಾತು ಬದಲಾಯಿಸಬೇಡಿ. ಟೀಗೆ ಸಕ್ಕರೆ ಸರಿಯಾಗೇ ಇದೆ.)

ಇನ್ನೂ ಇದೆ. ತ.ರಾ.ಸು. ಅನ್ನೋದರಲ್ಲಿ 'ತ' ಯಾವುದು? ಚಳ್ಳಕೆರೆಯೋರಾಗಿ ಇದು ಗೊತ್ತಿಲ್ಲ ಅಂದ್ರೆ ನಿಮ್ಮ ರೇಷನ್ ಕಾರ್ಡು ವಾಪಸ್ ತಗೋಬೇಕು. ತಳುಕು! ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದ್ರೆ ಸಿಗೋ ತಳುಕು. ಮೊಳಕಾಲ್ಮುರಿಗೆ ಹೋಗುವಾಗೆಲ್ಲ ಬಸ್ಸಲ್ಲಿ ನಿದ್ದೆ ಮಾಡ್ಕಂಡು ದಾಟಿ ಹೋಗ್ತೀರಲ್ಲ, ಅದೇ. ತಳುಕಿನ ರಾಮಸ್ವಾಮಯ್ಯನವರ ಮಗ ಸುಬ್ಬರಾವ್. ಕುವೆಂಪು ತಮ್ಮ 'ಶ್ರೀರಾಮಾಯಣ ದರ್ಶನಂ' ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರದ್ದೂ ಇದೇ ತಳುಕಿನ ಮನೆತನ. ಒಂದು ಸಣ್ಣ ಊರು ಕನ್ನಡಕ್ಕೆ ಇಷ್ಟು ಕೊಟ್ಟಿದೆ. ನೀವು ಆ ಊರಿಗೆ ಏನು ಕೊಟ್ಟಿದೀರಿ? ಕಿಟಕಿಯಿಂದ ಶೇಂಗಾ ಸಿಪ್ಪೆ.

ಒಂದು ನಿಮಿಷ, ದಾವಣಗೆರೆಯೋರು ಕೈ ಎತ್ತಿದಾರೆ. "ತ.ರಾ.ಸು. ಹುಟ್ಟಿದ್ದು ಮಲೇಬೆನ್ನೂರಲ್ಲಿ, ಅದು ನಮ್ಮ ಜಿಲ್ಲೆ." ಹೌದಪ್ಪ, 1920ರಲ್ಲಿ ಅಲ್ಲೇ ಹುಟ್ಟಿದ್ದು. ಆದ್ರೆ ದಾವಣಗೆರೆ ಅಂತ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅವರು ತೀರಿಕೊಂಡಿದ್ದು 1984ರಲ್ಲಿ. ಲೆಕ್ಕ ಹಾಕಿ, ಬದುಕಿರೋ ತನಕ ಅವರು ಚಿತ್ರದುರ್ಗ ಜಿಲ್ಲೆಯೋರೇ. (ಬೆಣ್ಣೆದೋಸೆ ನಿಮಗಿರಲಿ, ತ.ರಾ.ಸು. ನಮಗಿರಲಿ.)

ಇಷ್ಟು ಅಭಿಮಾನ ಇರೋ ನಿಮಗೆ ಒಂದು ಕಹಿ ವಿಷಯ. ಆ ಸಿನಿಮಾ ನೋಡಿ ತ.ರಾ.ಸು.ಗೆ ಸಮಾಧಾನ ಆಗಿರಲಿಲ್ಲ. ತಮ್ಮ ನಾಗರಹಾವನ್ನ ಪುಟ್ಟಣ್ಣ ಕೇರೆಹಾವು ಮಾಡಿಬಿಟ್ರು ಅಂತ ಅವರು ಅಂದಿದ್ರು ಅನ್ನೋ ಮಾತು ಇವತ್ತಿಗೂ ಓಡಾಡ್ತಿದೆ. ಯಾರು ಸರಿ? ಕಾದಂಬರಿ ಓದದೇ ನೀವು ತೀರ್ಪು ಕೊಡೋ ಹಾಗಿಲ್ಲ. ನನ್ನ ಕೇಳಿದ್ರೆ, ಕತೆಯ ಹಲ್ಲು ಕಿತ್ತಿದ್ದು ನಿಜ, ಆದ್ರೆ ಆ ಕಲ್ಲಿನ ಕೋಟೆಗೆ ಪುಟ್ಟಣ್ಣ ಕೊಟ್ಟ ಉಸಿರು ಪುಸ್ತಕದಲ್ಲಿ ಬೇರೆ ಥರ ಇದೆ.

ಪುಟ್ಟಣ್ಣ ಸುಮ್ಮನಿರಲಿಲ್ಲ. ಅದನ್ನೇ ಹಿಂದೀಲಿ 'ಜಹ್ರೀಲಾ ಇನ್ಸಾನ್' ಅಂತ 1974ರಲ್ಲಿ ಮಾಡಿದ್ರು, ರಿಷಿ ಕಪೂರ್ ರಾಮಾಚಾರಿ ಜಾಗದಲ್ಲಿ. ಅಂಬರೀಶ್ ಅಲ್ಲೂ ಹಾಜರ್. ಸಿನಿಮಾ ಮಕಾಡೆ ಮಲಗಿತು. ತೆಲುಗಿನಲ್ಲಿ 'ಕೋಡೆನಾಗು', ಶೋಭನ್ ಬಾಬು. ಗಡಿ ದಾಟಿ ರಾಯದುರ್ಗದಲ್ಲಿರೋ ನಿಮ್ಮ ಬೀಗರು "ಕೋಡೆನಾಗೇ ಒರಿಜಿನಲ್ಲು, ನಿಮ್ಮದು ಕಾಪಿ" ಅಂತ ವಾದ ಮಾಡಿದಾಗ ನೀವು ಇಸವಿ ಹೇಳೋಕಾಗದೆ ಬಾಯಿ ಮುಚ್ಕಂಡಿದ್ರಿ. ಈಗ ಬರ್ಕೊಳ್ಳಿ: ನಮ್ಮದು 1972, ಅವರದ್ದು 1974. ಮುಂದಿನ ಹಬ್ಬಕ್ಕೆ ಉಪಯೋಗಕ್ಕೆ ಬರುತ್ತೆ.

ಅದೇ 1972ರ ಮಾರ್ಚ್ 31ಕ್ಕೆ ಬಂದದ್ದು 'ಬಂಗಾರದ ಮನುಷ್ಯ'. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ದಲಿಂಗಯ್ಯ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಲ್ಲಿ ಎರಡು ವರ್ಷ ಓಡ್ತು. ರಾಜೀವ ಬಂಡೆ ಒಡೆದು, ನೀರು ತೆಗೆದು, ಬಂಜರು ನೆಲದಲ್ಲಿ ಬಂಗಾರ ಬೆಳೆದ. ಅದನ್ನ ನೋಡಿ ಪೇಟೆ ಬಿಟ್ಟು ಹಳ್ಳಿಗೆ ಬಂದೋರಿದಾರೆ ಅಂತ ಹೇಳ್ತಾರೆ.

ನಿಮ್ಮ ಅಪ್ಪನೂ ನೋಡಿ ಬಂದು ಮಾರನೇ ದಿನವೇ ಹೊಲದಲ್ಲಿ ಬಾವಿ ತೋಡಿಸೋಕೆ ಇಳಿದಿದ್ರು, ಹೌದಾ? ಏನು ಸಿಕ್ತು? ಬಂಡೆ ಸಿಕ್ತು. ಬಂಡೆ ಒಡೆದ್ರೆ ಇನ್ನೊಂದು ಬಂಡೆ. ಚಳ್ಳಕೆರೆ, ಮೊಳಕಾಲ್ಮುರು ಅಂದ್ರೆ ರಾಜ್ಯದಲ್ಲೇ ಮಳೆ ಕಮ್ಮಿ ಬೀಳೋ ತಾಲ್ಲೂಕುಗಳು. ರಾಜಕುಮಾರ್‌ಗೆ ನೀರು ಬಂದದ್ದು ಡೈರೆಕ್ಟರ್ ಹೇಳಿದ ಟೈಮಿಗೆ. ನಮ್ಮ ವೇದಾವತಿ ಯಾವ ಡೈರೆಕ್ಟರ್ ಮಾತೂ ಕೇಳಿದೋಳಲ್ಲ. ಆದ್ರೂ ಆ ಸಿನಿಮಾ ಮೇಲೆ ನಿಮ್ಮಪ್ಪನಿಗೆ ಒಂದು ಚೂರು ಕೋಪ ಇರಲಿಲ್ಲ, ಅಲ್ವಾ? ಇನ್ನೊಂದು ಸಲ ಬಂದಾಗ ಇನ್ನೊಂದು ಸಲ ನೋಡಿದ್ರು.

ಇದೇ ಸಿದ್ದಲಿಂಗಯ್ಯನವರು 1974ರಲ್ಲಿ 'ಭೂತಯ್ಯನ ಮಗ ಅಯ್ಯು' ಮಾಡಿದ್ರು. ಗೊರೂರರ ಕತೆ. ಅದು ದ್ವೇಷದ ಕತೆ, ಕೋರ್ಟು ಕಚೇರಿ ಹತ್ತಿ ಮನೆ ಮುಳುಗಿಸ್ಕೊಳ್ಳೋರ ಕತೆ. (ಬದು ಜಗಳ ನೆನಪಾಯ್ತಾ?) ಇಷ್ಟೆಲ್ಲ ಇದ್ರೂ ನಿಮಗೆ ಆ ಸಿನಿಮಾದಲ್ಲಿ ನೆನಪಿರೋದು ಏನು? ಉಪ್ಪಿನಕಾಯಿ! ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸೋ ದೃಶ್ಯ. ಬೆರಳು ನೆಕ್ಕಿ, ನಾಲಗೆ ಲೊಟ್ಟೆ ಹೊಡೆದು, ಕಣ್ಣು ಅರೆಮುಚ್ಚಿ ತಿನ್ನೋ ಆ ಮನುಷ್ಯನ್ನ ನೋಡ್ತಾ ಟೆಂಟಿಗೆ ಟೆಂಟೇ ಬಾಯಲ್ಲಿ ನೀರು ತುಂಬ್ಕಂಡಿತ್ತು. ಈಗ್ಲೂ ನಿಮ್ಮ ಗಂಟಲು ಆಡ್ತಿದೆ, ಕಾಣಿಸ್ತಿದೆ ನನಗೆ.

ಆ ಲೋಕನಾಥ್ 'ಸಂಸ್ಕಾರ'ದಲ್ಲೂ ಇದ್ರು, ಗೊತ್ತಿತ್ತಾ? ಸ್ವರ್ಣಕಮಲದ ಸಿನಿಮಾದಲ್ಲಿ ಇದ್ದ ನಟನನ್ನ ನೀವು ಉಪ್ಪಿನಕಾಯಿ ಭರಣಿಯಿಂದ ಗುರುತು ಹಿಡೀತೀರಿ. ಇದಕ್ಕೆ ನಾನು ನಗಲ್ಲ. ಪದಕಕ್ಕಿಂತ ಭರಣಿ ಜಾಸ್ತಿ ದಿನ ಬಾಳುತ್ತೆ, ಏನ್ ಮಾಡೋಕಾಗುತ್ತೆ.

ಪದಕ ಅಂದಾಗ ನೆನಪಾಯ್ತು. 1973ರ ಪ್ರಶಸ್ತಿಗಳಲ್ಲಿ 'ಕಾಡು' ಸಿನಿಮಾಕ್ಕಾಗಿ ದೇಶದ ಅತ್ಯುತ್ತಮ ನಟಿ ಆದೋರು ಯಾರು? ಕಲ್ಪನಾ ಅಲ್ಲ. ಭಾರತಿ ಅಲ್ಲ. ಜಯಂತಿ ಅಲ್ಲ, ಆರತಿನೂ ಅಲ್ಲ. ನಂದಿನಿ ಭಕ್ತವತ್ಸಲ. ಅದೇ ಸಿನಿಮಾದಲ್ಲಿ ಅಮರೀಶ್ ಪುರಿ ಕನ್ನಡದ ಗೌಡ! ಕ್ಯಾಮೆರಾ ಗೋವಿಂದ ನಿಹಲಾನಿ. ಕತೆ ಶ್ರೀಕೃಷ್ಣ ಆಲನಹಳ್ಳಿ. "ಮೊಗ್ಯಾಂಬೋ ಕನ್ನಡದಲ್ಲಿ ಆಕ್ಟ್ ಮಾಡಿದ್ನಾ?" ಅಂತ ಕೇಳ್ತೀರಲ್ಲ, ಮಾಡಿದ್ದ, ಮೊಗ್ಯಾಂಬೋ ಆಗೋಕೆ ಎಷ್ಟೋ ವರ್ಷ ಮುಂಚೆ.

ಕೆಲವರು ಪ್ರಶಸ್ತಿ ಬೇಡ ಅಂದೋರೂ ಇದ್ರು ಆ ಕಾಲದಲ್ಲಿ. 1973ರಲ್ಲಿ 'ಗಾಡ್‌ಫಾದರ್'ಗೆ ಬಂದ ಆಸ್ಕರನ್ನ ಮರ್ಲಾನ್ ಬ್ರಾಂಡೊ ಮುಟ್ಟಲಿಲ್ಲ. ಅದೇ ಹೊತ್ತಿಗೆ ನಮ್ಮ ಪ್ರಾಣ್, 'ಬೇಇಮಾನ್'ಗೆ ಬಂದ ಫಿಲಂಫೇರ್ ತಿರಸ್ಕರಿಸಿದ್ರು. ಕಾರಣ? 'ಪಾಕೀಜಾ'ಕ್ಕೆ ಸಂಗೀತ ಕೊಟ್ಟು ತೀರಿಕೊಂಡಿದ್ದ ಗುಲಾಂ ಮೊಹಮ್ಮದ್‌ಗೆ ಪ್ರಶಸ್ತಿ ಕೊಡಲಿಲ್ಲ ಅಂತ. ಬೇರೆಯೋರಿಗೆ ಅನ್ಯಾಯ ಆಯ್ತು ಅಂತ ತನಗೆ ಬಂದದ್ದನ್ನ ಬಿಟ್ಟ ಮನುಷ್ಯ, ಅದೂ ತೆರೆ ಮೇಲೆ ವಿಲನ್ ಅಂತಲೇ ಹೆಸರಾದೋರು! ನೀವು ಇಲ್ಲಿ ಗಣೇಶನ ಪೆಂಡಾಲಲ್ಲಿ ಹಾಕಿದ ಶಾಲು ಸಣ್ಣದಾಯ್ತು ಅಂತ ಕಮಿಟಿಯೋರ ಜೊತೆ ಮಾತು ಬಿಟ್ಟೋರು. ಇರಲಿ.

'ಶೋಲೆ' ಕತೆ ಗೊತ್ತಲ್ಲ? ನಮ್ಮದೇ ರಾಮನಗರದ ಬಂಡೆಗಳಲ್ಲಿ ತೆಗೆದದ್ದು, 1975ರ ಆಗಸ್ಟ್ 15ಕ್ಕೆ ಬಂದದ್ದು. ಎಷ್ಟು ಫಿಲಂಫೇರ್ ಬಂತು? "ಒಂದ್ ಹತ್ತು?" ಒಂದೇ. ಸಂಕಲನಕ್ಕೆ, ಎಂ.ಎಸ್. ಶಿಂಧೆಯವರಿಗೆ. ಗಬ್ಬರ್‌ಗೆ ಇಲ್ಲ, ಜಯ್‌ಗೆ ಇಲ್ಲ, ವೀರೂಗೆ ಇಲ್ಲ. ಕತ್ತರಿ ಹಿಡಿದೋರಿಗೆ ಮಾತ್ರ. ಅವರ ಹೆಸರೂ ಟೈಟಲಲ್ಲೇ ಇದೆ. (ನೀವು ಎಲ್ಲಿದ್ರಿ ಅಂತ ಮತ್ತೆ ಕೇಳಲ್ಲ.)

ಹೆಸರು ಓದದೇ ಇರೋದು ಇವತ್ತಿನ ರೋಗ ಅಲ್ಲ ಬಿಡಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಕ್ಕೆ ಹೋಗಿದೀರಲ್ಲ? ಪಿಕ್‌ನಿಕ್ಕಿಗೆ ಹೋಗಿದೀರಿ, ಚಿತ್ರಾನ್ನ ತಿಂದಿದೀರಿ. ಅಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು. ಅಶೋಕ ಅಂತ ನಿಮಗೆ ಗೊತ್ತು, ಅವನು ಹೀರೋ. ಬರೆದೋರು ಯಾರು? ಚಪಡ. ಶಾಸನದ ಕೊನೇಲಿ ತಾನೇ ಹೆಸರು ಹಾಕ್ಕಂಡಿದಾನೆ. ಇಡೀ ಶಾಸನ ಬ್ರಾಹ್ಮೀ ಲಿಪೀಲಿ ಬರೆದು, 'ಲಿಪಿಕಾರ' ಅನ್ನೋ ಮಾತನ್ನ ಮಾತ್ರ ವಾಯವ್ಯದ ಕಡೆಯ ಖರೋಷ್ಠೀಲಿ, ಬಲದಿಂದ ಎಡಕ್ಕೆ ಬರೆದಿದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ತಾಲ್ಲೂಕಿನ ಬಂಡೆ ಮೇಲೆ ಟೈಟಲ್ ಕಾರ್ಡ್! ನೀವು ಅದರ ಮುಂದೆ ನಿಂತು ಸೆಲ್ಫಿ ತಗೊಂಡಿದೀರಿ.

ಈಗ ಕೊನೇ ಪ್ರಶ್ನೆ, ಬಿಲ್ಲು ಬರೋ ಹೊತ್ತಾಯ್ತು. ಕಡ್ಡಾಯವಾಗಿ ಉತ್ತರಿಸಿ. ತ.ರಾ.ಸು. ಅಂದ ಕೂಡಲೇ 'ನಾಗರಹಾವು' ಅಂತೀರಿ. ಅದಕ್ಕೆ ರಾಷ್ಟ್ರಪ್ರಶಸ್ತಿ ಬರಲಿಲ್ಲ. ಆದ್ರೆ ಅವರ ಬೇರೆ ಎರಡು ಕಾದಂಬರಿಗಳ ಸಿನಿಮಾಕ್ಕೆ ಕನ್ನಡದ ಅತ್ಯುತ್ತಮ ಚಿತ್ರ ಅನ್ನೋ ರಾಷ್ಟ್ರಪ್ರಶಸ್ತಿ ಬಂದಿದೆ. ಒಂದು 1964ರ 'ಚಂದವಳ್ಳಿಯ ತೋಟ', ರಾಜಕುಮಾರ್ ಇದ್ದದ್ದು. ಇನ್ನೊಂದು?

1975ರ 'ಹಂಸಗೀತೆ'. ಬರಿಗಾಲಿನ ಜಿ.ವಿ. ಅಯ್ಯರ್ ನಿರ್ದೇಶನ, ಅನಂತ್ ನಾಗ್ ಅಭಿನಯ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕತೆ. ಅದರಲ್ಲಿ ಹಾಡಿದ್ದಕ್ಕೆ ಬಾಲಮುರಳಿಕೃಷ್ಣ ಅವರಿಗೆ ಅತ್ಯುತ್ತಮ ಗಾಯಕ ಅಂತ ರಾಷ್ಟ್ರಪ್ರಶಸ್ತಿನೂ ಬಂತು. ಇದೇ ಕಾದಂಬರಿನ ಹಿಂದಿಯೋರು 1956ರಲ್ಲೇ 'ಬಸಂತ್ ಬಹಾರ್' ಅಂತ ಮಾಡಿಯಾಗಿತ್ತು. ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಪೈಪೋಟಿಗೆ ಬಿದ್ದು ಹಾಡಿದ್ರಲ್ಲ, ಆ ಸಿನಿಮಾ. ಟೆಂಟಲ್ಲಿ ಶಿಳ್ಳೆ ಹೊಡೆಸ್ಕಂಡ 'ನಾಗರಹಾವು', ದೆಹಲೀಲಿ ಪದಕ ಹಾಕಿಸ್ಕಂಡ 'ಹಂಸಗೀತೆ', ಎರಡೂ ಒಂದೇ ಲೇಖನಿದು. ಅದು ನಿಮ್ಮ ಪಕ್ಕದೂರಿನದು.

ಬನ್ನಿ, ಒಂದು ಬಾಜಿ ಕಟ್ಟೋಣ. ನಾಳೆ ಮೊಳಕಾಲ್ಮುರು ಬಸ್ ಹತ್ತಿ, ನಿದ್ದೆ ಮಾಡದೆ ತಳುಕಲ್ಲಿ ಇಳೀರಿ. ಸ್ಟಾಪಲ್ಲಿ ನಿಂತಿರೋ ಹತ್ತು ಜನರನ್ನ ಕೇಳಿ, 'ಹಂಸಗೀತೆ' ಬರೆದದ್ದು ಯಾರು ಅಂತ. ಐದು ಜನ ಸರಿಯಾಗಿ ಹೇಳಿದ್ರೆ ಇವತ್ತಿನ ಮಂಡಕ್ಕಿ, ಬಜ್ಜಿ, ಟೀ ಎಲ್ಲ ನನ್ನ ಲೆಕ್ಕ. ಹೇಳದಿದ್ರೆ ನಿಮ್ಮದು. ಅಲ್ಲೀ ತನಕ ಬಿಲ್ಲು ನಿಮ್ಮ ಕೈಯಲ್ಲೇ ಇರಲಿ.